ಕಲ್ಲುಕಂಬದ ಗಂಟು

ಕೂಟಗಲ್ಲಿನ ಶಿವಲಿಂಗಮ್ಮನ ಸೀಮೆಹಸು ರಾಣಿಗೆ ಹೆಸರಿಗೆ ತಕ್ಕ ಜಂಬ. ಶಿವಲಿಂಗಮ್ಮನನ್ನು ಬಿಟ್ಟು ಬೇರೆ ಯಾರ ಕೈ ಕೆಚ್ಚಲಿಗೆ ತಾಗಿದರೂ ಒದೆ ಗ್ಯಾರಂಟಿ. ಮನೆಯ ಯಜಮಾನ ಹನುಮಂತಯ್ಯನಿಗೇ ಎರಡು ಸಲ ಮೊಣಕಾಲ ಚಿಪ್ಪಿನ ಮೇಲೆ ಬಿದ್ದಿದೆ. ಈ ರಾಣಿಯನ್ನು ಕಟ್ಟಿದ ಹಗ್ಗವೂ ಅಂತಿಂಥದ್ದಲ್ಲ. ಕೆಂಪು ಮೈಯ ಮೇಲೆ ನೀಲಿ ಚುಕ್ಕೆಯಿದ್ದ, ಬಂಡೆ ಹತ್ತುವವರ ಹಗ್ಗ. "ಆನೆ ಕಟ್ಟುದ್ರೂ ತಡ್ಕತದೆ ಕಣ್ಲಾ" ಎಂದು ಹನುಮಂತಯ್ಯ ಅದನ್ನು ಕೊಟ್ಟಿಗೆಗೆ ಒಯ್ದಾಗ, ಜಗಲಿಯ ಮಂಚದ ಮೇಲೆ ಮಲಗಿದ್ದ ಮಗ ಬಾಲರಾಜು ಗೋಡೆಯ ಕಡೆ ಹೊರಳಿದ್ದ.

ಎಂಟು ತಿಂಗಳ ಹಿಂದಿನವರೆಗೆ ಬಾಲರಾಜು ಹಗಲು ಹೊತ್ತು ಮನೆಯಲ್ಲಿ ಸಿಕ್ಕಿದ್ದೇ ಅಪರೂಪ. ವಾರದಲ್ಲಿ ಆರು ದಿನ ಹಾರೋಹಳ್ಳಿಯ ಕಾರ್ಖಾನೆ, ಏಳನೆಯ ದಿನ ರಾಮನಗರದ ಬಂಡೆ. ಅವ್ವನ ಜೊತೆ ಕೂತು ಒಂದು ಲೋಟ ಕಾಫಿ ಕುಡಿದದ್ದು ಯಾವ ಹಬ್ಬದಲ್ಲೋ ಅವನಿಗೇ ನೆನಪಿಲ್ಲ. ಇವನು ಬಂಡೆಗೆ ಮೈ ಅಂಟಿಸಿ ಹಲ್ಲಿಯ ಹಾಗೆ ಹರಿದು ಹೋಗುವುದನ್ನು ಹೊಸಬರು ಬಾಯಿ ಬಿಟ್ಟು ನೋಡುವರು, ಫೋಟೋ ಹಿಡಿಯುವರು. ಅದೇ ಇವನಿಗೆ ಊಟ, ಅದೇ ನಿದ್ದೆ. ಇವನ ಸೊಂಟದಿಂದ ಹೊರಟು ಬಂಡೆಯ ಮೇಲಿನ ಕೊಂಡಿಯಲ್ಲಿ ಹಾದು ಇಳಿದ ಹಗ್ಗವನ್ನು ಕೆಳಗೆ ಹಿಡಿದು ನಿಲ್ಲುತ್ತಿದ್ದವನು ಸಮದ್. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವನು, ಪಿಯುಸಿಯಿಂದ ಗೆಳೆಯ. ಹತ್ತುವ ಮೊದಲು ಪ್ರತಿ ಸಲವೂ ಸಮದ್ "ಗಂಟು?" ಎಂದು ಕೇಳಬೇಕು. ಬಾಲರಾಜು ತನ್ನ ಸೊಂಟದ ಪಟ್ಟಿಯ ಗಂಟನ್ನು ಮುಟ್ಟಿ ನೋಡಿ "ನೋಡ್ದೆ" ಅನ್ನಬೇಕು. ಹನ್ನೊಂದು ವರ್ಷ ಇದು ತಪ್ಪಿರಲಿಲ್ಲ.

ಆ ಭಾನುವಾರ ತಪ್ಪಿತು. ಇಂಗ್ಲಿಷ್ ಎಂಟಿನ ಆಕಾರದ ಗಂಟು ಅದು. ಮೊದಲು ಅರ್ಧ ಹಾಕಿ, ಹಗ್ಗದ ತುದಿಯನ್ನು ಪಟ್ಟಿಯೊಳಗೆ ತೂರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿ ಮುಗಿಸಬೇಕು. ತೂರಿಸಿದ ಹೊತ್ತಿಗೆ ಹೊಸಬರೊಬ್ಬರು ಏನೋ ಕೇಳಿದರು. ಇವನು ಜಂಬ ಕೊಚ್ಚಿಕೊಳ್ಳುತ್ತ ಅಷ್ಟಕ್ಕೇ ಬಿಟ್ಟ. ಸಮದ್ "ಗಂಟು?" ಅಂದ. ಇವನು ಮುಟ್ಟದೆ, ನೋಡದೆ "ನೋಡ್ದೆ" ಅಂದ. ಮೂವತ್ತಡಿ ಏರಿ, ಇಳಿಸು ಎಂದು ಹಿಂದಕ್ಕೆ ವಾಲಿದಾಗ ಹಗ್ಗ ಪಟ್ಟಿಯಿಂದ ಸರಕ್ಕನೆ ಜಾರಿ ಹೋಯಿತು. ಸಮದ್ ಕೈಯಲ್ಲಿ ಹಗ್ಗ ಭದ್ರವಾಗಿಯೇ ಇತ್ತು. ಅದರ ಇನ್ನೊಂದು ತುದಿಯಲ್ಲಿ ಬಾಲರಾಜು ಇರಲಿಲ್ಲ.

ಬಲಗಾಲಿಗೆ ರಾಡು ಬಿತ್ತು, ಹಿಮ್ಮಡಿಗೆ ಏಳು ಸ್ಕ್ರೂ. ಆಸ್ಪತ್ರೆಯಲ್ಲಿ ಸಮದ್‌ನನ್ನು ಕಂಡದ್ದೇ ತಡ, ಶಿವಲಿಂಗಮ್ಮ "ನನ್ ಮಗನ್ನ ಕೈ ಬುಟ್ಬುಟ್ಟಲ್ಲೋ ಪಾಪಿ!" ಎಂದು ಎದೆ ಬಡಿದುಕೊಂಡಳು. ಸಮದ್ ತುಟಿ ಬಿಚ್ಚಲಿಲ್ಲ. ಮಂಚದ ಮೇಲಿದ್ದ ಬಾಲರಾಜುವಿಗೆ ಎಚ್ಚರವಿತ್ತು. ಆದರೂ ಕಣ್ಣು ಮುಚ್ಚಿಕೊಂಡೇ ಇದ್ದ. ನಾಳೆ ಹೇಳಿದರಾಯಿತು ಅಂದುಕೊಂಡ, ನಾಳೆ ನಾಡಿದ್ದಾಯಿತು. ಸಮದ್ ಹಗ್ಗವನ್ನು ಯಾರದೋ ಕೈಯಲ್ಲಿ ಮನೆಗೆ ಕಳಿಸಿ, ಆಮೇಲೆ ಈ ಕಡೆ ಸುಳಿಯಲಿಲ್ಲ. ಹಗ್ಗ ಹಿಡಿದವನದೇ ತಪ್ಪು ಎಂದು ಊರೆಲ್ಲ ಆಡಿಕೊಂಡಿತು. ಇವನು ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ, ದಿನಾ ಕುಕ್ಕರಗಾಲಲ್ಲಿ ಕೂತು ಎದ್ದು ಮಾಡದಿದ್ದರೆ ಕಾಲು ಹೀಗೇ ಬಿಗಿದುಕೊಳ್ಳುತ್ತೆ ಅಂದಿದ್ದರು. ಇವನು ಒಂದು ದಿನವೂ ಮಾಡಲಿಲ್ಲ. ಬಂಡೆಯ ನೆತ್ತಿಯಲ್ಲಿ ನಿಂತವನು ನೆಲದ ಮೇಲೆ ಕೂರುವುದನ್ನು ಕಲಿಯಬೇಕೇ ಎಂಬ ರೋಷ ಒಂದು ಕಡೆ. ಇಷ್ಟಕ್ಕೆಲ್ಲ ನಾನು ಲಾಯಕ್ಕಲ್ಲ ಎಂಬ ಯೋಚನೆ ಇನ್ನೊಂದು ಕಡೆ. ಎರಡರ ನಡುವೆ ಮಂಚವೇ ಹಿತವಾಯಿತು.

ಈ ಮಳೆಗಾಲದಲ್ಲಿ ಶಿವಲಿಂಗಮ್ಮನಿಗೆ ಚಿಕೂನ್‌ಗುನ್ಯ ಬಂತು. ಜ್ವರ ಇಳಿದರೂ ಬೆರಳ ಸಂದುಗಳು ಊದಿಕೊಂಡೇ ಉಳಿದವು. ಹಲ್ಲು ಕಚ್ಚಿಕೊಂಡು ಹಾಲು ಕರೆಯುತ್ತಿದ್ದವಳಿಗೆ ಒಂದು ಬೆಳಿಗ್ಗೆ ಕೈ ಮಡಿಸಲೇ ಆಗಲಿಲ್ಲ. ಹನುಮಂತಯ್ಯ ಕೂತ, ಒದೆ ತಿಂದ. ಕರೆಯುವವಳ ಮಾಸಲು ಸೀರೆ ಹೊದ್ದು ಹೋದರೆ ಹಸು ವಾಸನೆಗೆ ಸುಮ್ಮನಾಗುತ್ತೆ, ಹಳ್ಳಿಗಳಲ್ಲಿ ಇದು ಎಲ್ಲರೂ ಮಾಡುವ ಉಪಾಯ. ಅದನ್ನೂ ಮಾಡಿದ. ಸೀರೆಯೊಳಗಿಂದ ಬೀಡಿಯ ವಾಸನೆ ಬಂತೋ ಏನೋ, ರಾಣಿ ಬಕೆಟ್ಟನ್ನೇ ಉರುಳಿಸಿತು.

ಶಿವಲಿಂಗಮ್ಮ ಜಗಲಿಗೆ ಬಂದಳು. "ನೀನೊಂದ್ಸಲ ನೋಡಪ್ಪ. ಸ್ಕೂಲಿಗೋಯ್ತಿದ್ದಾಗ ಇದರವ್ವನ್ನ ನೀನೇ ಕರೀತಿದ್ದಲ್ಲ."

"ನಂಗೆ ಕೂರಕ್ಕಾಗಲ್ಲ."

"ಒಸಿ ಕೂತು ನೋಡು ಮಗ."

"ನಾಟ್ಕ ಆಡ್ಬೇಡ ಕಣವ್ವ. ನನ್ನ ಮಂಚದಿಂದ ಎಬ್ಬುಸ್ಬೇಕು ಅಂತ ತಾನೆ ಈ ಕೈನೋವು? ಅಷ್ಟೂ ಗೊತ್ತಾಗಲ್ವಾ ನಂಗೆ?"

ಅವಳು ಒಳಗೆ ಹೋದಳು.

ಮಧ್ಯಾಹ್ನ ನೀರಿಗೆಂದು ಬಾಲರಾಜು ಅಡುಗೆಮನೆಯ ಬಾಗಿಲಿಗೆ ಹೋದ. ಅವ್ವ ಅವನಿಗೆ ಬೆನ್ನು ಹಾಕಿ ನೆಲದ ಮೇಲೆ ಊಟಕ್ಕೆ ಕೂತಿದ್ದಳು. ಮುದ್ದೆ ಮುರಿಯಲು ಬೆರಳು ಮಡಿಸಲಾಗದೆ ಅಂಗೈಯಿಂದ ಒತ್ತಿದಳು, ಮಣಿಕಟ್ಟಿನಿಂದ ತಳ್ಳಿದಳು. ಮುದ್ದೆ ತಟ್ಟೆಯಲ್ಲೇ ಉರುಳಿತು. ಆಮೇಲೆ ಯಾರೂ ನೋಡುತ್ತಿಲ್ಲ ಅಂದುಕೊಂಡು ಬಗ್ಗಿ ತಟ್ಟೆಗೇ ಬಾಯಿ ಹಚ್ಚಿದಳು.

ಬಾಲರಾಜುವಿಗೆ ಮೈಯೆಲ್ಲ ನಾಚಿಕೆಯಾಯಿತು. ಓಡಿ ಹೋಗಿ ಒಂದು ತುತ್ತು ಮುರಿದು ಬಾಯಿಗಿಡಬೇಕು ಅನ್ನಿಸಿತು. ಆದರೆ ಅವ್ವ ನೆಲದ ಮೇಲಿದ್ದಳು, ಇವನಿಗೆ ನೆಲ ಎಟುಕುವುದಿಲ್ಲ. ಬಾಗಿಲಚೌಕಟ್ಟು ಹಿಡಿದು ಮಂಡಿ ಬಗ್ಗಿಸಲು ನೋಡಿ, ಅರ್ಧಕ್ಕೇ ನಿಂತು, ಸದ್ದಿಲ್ಲದೆ ಹಿಂದಕ್ಕೆ ಬಂದು ಅಪ್ಪನನ್ನು ಒಳಗೆ ಕಳಿಸಿದ.

ಸಾಯಂಕಾಲ ಐದಕ್ಕೆ ಅವನೇ ಕೇಳಿದ. "ಆ ಸೀರೆ ಎಲ್ಲೈತವ್ವ?"

ಮೀಸೆ ಹೊತ್ತ ಗಂಡಸು ಹಸಿರು ಸೀರೆ ಹೊದ್ದು ಊರುಗೋಲು ಕುಟ್ಟುತ್ತ ಕೊಟ್ಟಿಗೆಗೆ ಹೋಗುವುದನ್ನು ಕಂಡು ಹನುಮಂತಯ್ಯ ನಗು ತಡೆಯಲಾರದೆ ಹುಲ್ಲಿನ ಮೆದೆಯ ಕಡೆ ತಿರುಗಿದ. ರಾಣಿ ಮೂಸಿ ನೋಡಿ ಮೇವಿಗೆ ಬಾಯಿ ಹಾಕಿತು. ಇನ್ನು ಕೂರಬೇಕು. ಹಿಡಿದುಕೊಳ್ಳಲು ಇದ್ದದ್ದು ಒಂದೇ, ರಾಣಿಯನ್ನು ಕಲ್ಲುಕಂಬಕ್ಕೆ ಕಟ್ಟಿ ಮಿಕ್ಕು ಜೋತುಬಿದ್ದಿದ್ದ ಆ ಹಗ್ಗ.

ಎಂಟು ತಿಂಗಳಾದ ಮೇಲೆ ಅದನ್ನು ಮುಟ್ಟಿದ. ಭಾರ ಬಿಡುವ ಮೊದಲು ಕೈ ತಾನಾಗಿ ಗಂಟಿನ ಕಡೆ ಹೋಯಿತು. ಹನುಮಂತಯ್ಯ ಹಾಕಿದ್ದು ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು. ಅದನ್ನು ಬಿಚ್ಚಿದ. ಎಂಟಿನ ಆಕಾರ ಹಾಕಿ, ತುದಿಯನ್ನು ಕಂಬ ಬಳಸಿ ತಂದು, ಬಂದ ದಾರಿಯಲ್ಲೇ ಹಿಂದಕ್ಕೆ, ಕೊನೆಯವರೆಗೂ ನಡೆಸಿದ. ಎಳೆದು ನೋಡಿದ, ಮತ್ತೊಂದು ಸಲ ಎಳೆದ. ಇಷ್ಟೇ ತಾನೆ ಅವತ್ತು ಮಾಡಬೇಕಾಗಿದ್ದದ್ದು?

ಹಗ್ಗ ಹಿಡಿದು ಇಷ್ಟಿಷ್ಟೇ ಇಳಿದ. ಹಿಮ್ಮಡಿಯಿಂದ ಸೊಂಟದವರೆಗೆ ಬೆಂಕಿ ಹತ್ತಿದಂತಾಯಿತು, ಆದರೂ ಕೂತ. ಅರ್ಧ ಬಕೆಟ್ ಹಾಲಾಯಿತು. ಏಳುವುದು ಇನ್ನೂ ಕಷ್ಟ. ಕಾಲು ಗಡಗಡ ನಡುಗುವುದನ್ನು ಕಂಡು ಹನುಮಂತಯ್ಯ ಓಡಿ ಬಂದ. "ಇರಪ್ಪ, ನಾನೇ ಏಳ್ತೀನಿ" ಎಂದು ಬಾಲರಾಜು ಹಗ್ಗದ ಮೇಲೆ ಒಂದರ ಮುಂದೊಂದು ಕೈ ಇಡುತ್ತ ಎದ್ದು ನಿಂತ.

ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಶಿವಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಗ್ಗ ಗಟ್ಟಿಯಾಗೇ ಐತೆ ಕಣಪ್ಪ. ಹಿಡ್ದಿದ್ದೋನ ಕೈಯೇ ನೆಟ್ಟಗಿರ್ನಿಲ್ಲ."

ಬಾಲರಾಜು ಎಂದಿನಂತೆ ಸುಮ್ಮನಿರಬಹುದಿತ್ತು. ಆಗಲಿಲ್ಲ.

"ಅವನು ಕೈ ಬುಟ್ಟಿಲ್ಲ ಅವ್ವ. ಗಂಟು ನಾನೇ ಪೂರ್ತಿ ಹಾಕಿರ್ನಿಲ್ಲ. ಅವನು ಕೇಳ್ದ. ನೋಡ್ದೆ ಅಂತ ಸುಳ್ಳೇಳ್ದೆ."

ಶಿವಲಿಂಗಮ್ಮ ಬಾಗಿಲು ಬಿಟ್ಟು ಅವನ ಹತ್ತಿರ ಬಂದಳು. "ಎಂಟ್ ತಿಂಗ್ಳು ಆ ಮಗೀಗೆ ನನ್ ಬಾಯಲ್ಲಿ ಶಾಪ ಹಾಕುಸ್ಬುಟ್ಟಲ್ಲೋ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ, ಅವಳು ಅತ್ತಳು. ಆಮೇಲೆ ಮೂಗೊರೆಸಿಕೊಂಡು, "ಫೋನ್ ಮಾಡು, ಈಗ್ಲೇ. ನನ್ ಕೈಲಿ ಹಿಡ್ಕಳಕ್ಕಾಗಲ್ಲ, ಕಿವಿತಾವ ಹಿಡಿ" ಅಂದಳು.

ಆ ಕಡೆ ಯಂತ್ರದ ಸದ್ದಿನ ನಡುವೆ ಸಮದ್ "ಹಲೋ" ಅಂದ.

"ಸಮದ್, ನಾನಪ್ಪ, ಬಾಲುನವ್ವ. ತಪ್ಪಾಯ್ತು ಮಗ. ಭಾನ್ವಾರ ಊಟಕ್ಕೆ ಬಾ. ಇವನೂ ಮನೇಲೇ ಇರ್ತಾನೆ." ಅದಕ್ಕಿಂತ ಹೆಚ್ಚು ಅವಳಿಗೆ ಆಡಲಾಗಲಿಲ್ಲ.

ಬಾಲರಾಜು ಫೋನನ್ನು ತನ್ನ ಕಿವಿಗೆ ತಂದುಕೊಂಡ. "ಎಲ್ಲಾ ಹೇಳ್ಬುಟ್ಟೆ ಕಣ್ಲಾ."

"ನಾನೂ ಒಂದ್ಸಲ ಕಣ್ಣಲ್ಲಿ ನೋಡ್ಬೇಕಿತ್ತು ಕಣೋ. ನಿನ್ ಮಾತು ಕೇಳಿ ಸುಮ್ನಾದೆ" ಅಂದ ಸಮದ್. ಯಂತ್ರದ ಸದ್ದು ದೂರವಾಯಿತು, ಹೊರಗೆ ಬಂದಿರಬೇಕು. "ಕಾಲು ಹೆಂಗೈತೆ?"

"ಇವತ್ತು ಕೂತು ಎದ್ದೆ. ನಮ್ಮ ಹಗ್ಗ ಹಿಡ್ಕೊಂಡು. ಕೊಟ್ಟಿಗೆ ಕಂಬಕ್ಕೆ ಕಟ್ಟೀವ್ನಿ."

ಸಮದ್ ಕೇಳಿದ.

"ಗಂಟು?"

ಬಾಲರಾಜು ಹೆಗಲ ಮೇಲಿನ ಸೀರೆಯಲ್ಲೇ ಕಂಬದ ಹತ್ತಿರ ಹೋದ. ಊರುಗೋಲನ್ನು ಗೋಡೆಗೆ ಒರಗಿಸಿ, ಗಂಟಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದ.

"ನೋಡ್ದೆ" ಅಂದ.