ಅರ್ಧ ಆಳು

"ಕತ್ತರಿ ಕೆಳಗಿಟ್ಟು ಗೋಡೆ ಕಡೆ ನೋಡ್ರೇ, ನಾರೋ ಮುಂಡೇರಾ!"

ಇಂಜಿನಿಯರ್ ಸೂಫ್ಯಾನ್ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬೈದ. ಸಾಫಿ ಬಂದರಿನ ಈ ಮೀನಿನ ಡಬ್ಬಿ ಕಾರ್ಖಾನೆಗೆ ದೊಡ್ಡ ಪಟ್ಟಣ ಕಾಸಾಬ್ಲಾಂಕಾದಿಂದ ಬಂದು ವಾರವಾಗಿತ್ತಷ್ಟೆ. ಮೀನನ್ನು ತಟ್ಟೆಯಲ್ಲಲ್ಲದೆ ಬೇರೆಲ್ಲೂ ಕಂಡವನಲ್ಲ, ಪುಣ್ಯಾತ್ಮ. ಗೋಡೆಯ ಪರದೆಯಲ್ಲಿ ಬಣ್ಣದ ಪಟ್ಟಿಗಳು ಮೂಡಿದವು. ಯಾವ ಕೆಲಸಕ್ಕೆ ಎಷ್ಟು ಆಳು ಬೇಕೆಂದು ಕಂಪ್ಯೂಟರೇ ಹೇಳುತ್ತದಂತೆ. ಕೆಂಪೆಂದರೆ ಆಳು ಹೆಚ್ಚು, ಹಸಿರೆಂದರೆ ಸರಿ. ಅವನು ಬೆರಳಾಡಿಸಿ ಆಳಿನ ಲೆಕ್ಕ ಅರ್ಧಕ್ಕಿಳಿಸಿದ, ಕೆಂಪೆಲ್ಲ ಹಸಿರಾಯಿತು.

"ತಲೆ ಕತ್ತರಿಸೋ ಸಾಲಲ್ಲಿ ಇನ್ಮೇಲೆ ಒಬ್ಬೊಬ್ಬರೂ ಅರ್ಧ ಆಳು. ಅರ್ಧ ಕೂಲಿ."

ಮದುವೆಯಾದಂದಿನಿಂದ ಸಾರ್ಡೀನ್ ಮೀನಿನ ತಲೆ ಕತ್ತರಿಸುತ್ತಲೇ ಬಂದ ತಾಮೂ ಕೇಳಿದಳು: "ಹಂಗಾರೆ ಅರ್ಧ ದಿನಕ್ಕೇ ಮನೀಗೋಗ್ಬೋದಾ ಸಾಮಿ?"

"ಮೀನು ಮುಗಿದ್ಮೇಲೆ ಹೋಗು."

"ಮೀನೂ ಅರ್ಧಾನೇ ಬತ್ತದಾ?"

ಹೆಂಗಸರು ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು.

"ಬಾಯ್ಮುಚ್ಚು! ಗೇಟಿನ ಹೊರಗೆ ನಿನ್ನಂಥೋರು ಸಾಲುಗಟ್ಟಿ ನಿಂತಿದಾರೆ."

ಅದೊಂದು ಮಾತ್ರ ನಿಜ, ಹಾಳಾದ್ದು. ಅರ್ಧ ಕೂಲಿಗೆ ಹಿಟ್ಟು ಬರುತ್ತದೆ, ಎಣ್ಣೆ ಬರುವುದಿಲ್ಲ. ಮನೆಯಲ್ಲಿ ಕೆಮ್ಮುತ್ತ ಬಿದ್ದಿರುವ ಗಂಡನ ಗುಳಿಗೆಯ ಮಾತೇ ಇಲ್ಲ. ತಾಮೂ ಹಲ್ಲು ಕಚ್ಚಿ ಕತ್ತರಿ ಎತ್ತಿಕೊಂಡಳು.

ಮಧ್ಯಾಹ್ನ ದೋಣಿಗಳು ಬಂದವು. ಪರದೆ ನೋಡಿಕೊಂಡು ಮೀನು ಕೊಡುವ ಅಭ್ಯಾಸ ಸಮುದ್ರಕ್ಕಿಲ್ಲ. ಸೈರನ್ ಕೂಗಿತು. ಪುದೀನ ಚಹಾಕ್ಕೆಂದು ಎದ್ದವರು ಲೋಟ ಬಿಟ್ಟು ಓಡಿಬಂದರು. ಐಸಿನ ಸಮೇತ ಮೀನು ಓಡುವ ಬೆಲ್ಟಿನ ಮೇಲೆ ಸುರಿಯಿತು.

ತಾಮೂ ಏಪ್ರನ್ನಿನ ದಾರ ಬಿಚ್ಚಿ ಪಕ್ಕದವಳಿಗೆ ಕೊಟ್ಟಳು.

"ಘನ್ನೂ, ನನ್ನ ಎಡಗೈನ ಸೊಂಟಕ್ಕೆ ಬಿಗಿಯೇ."

"ಹುಚ್ಚು ಹಿಡೀತೇನಕ್ಕಾ?"

"ಅವ್ನು ಕೊಡೋ ಕೂಲಿಗೆ ಒಂದ್ ಕೈ ಸಾಕು. ಇನ್ನೊಂದು ನಂದು."

ಘನ್ನೂ ಬಿಗಿದಳು. ಆಮೇಲೆ ತನ್ನ ಕೈಯನ್ನೂ ಚಾಚಿದಳು. ಸಾಲಿನ ಕೊನೆಯವರೆಗೂ ಗಂಟು ಬಿದ್ದವು. ಎಡಗೈ ಮೀನು ಹಿಡಿಯದೆ ಬಲಗೈ ಕತ್ತರಿಸುವುದೇನನ್ನು? ತಲೆಯಿದ್ದ ಮೀನೆಲ್ಲ ಬೆಲ್ಟಿನ ತುದಿಗೆ ಹೋಗಿ ನೆಲಕ್ಕೆ ಬಿತ್ತು.

ಸೂಫ್ಯಾನ್ ಓಡಿಬಂದ. "ಬಿಚ್ಚ್ರೇ! ಬಿಚ್ಚ್ರೇ ಸೂಳೇರಾ! ಮೀನು ಕೊಳೆತ್ರೆ ನನ್ನ ಕೆಲಸ ಹೋಗುತ್ತೆ!"

"ಹೋದ್ರೆ ಅರ್ಧ ತಾನೇ ಹೋಗೋದು?" ತಾಮೂ ಗೋಡೆಯತ್ತ ಗದ್ದ ಎತ್ತಿದಳು. "ನೋಡ್ಲಾ, ನಿನ್ ಕಂಪ್ಯೂಟ್ರು ಇನ್ನೂ ಹಸಿರಾಗೇ ಐತೆ."

"ನಾಳೆಯಿಂದ ನೀನು ಬರಬೇಡ!"

"ಪೂರ್ತಿ ಬರಬಾರ್ದಾ, ಅರ್ಧ ಬರಬಾರ್ದಾ?"

ಅವನು ಅವಳ ಸೊಂಟದ ಗಂಟಿಗೇ ಕೈ ಹಾಕಿದ. ಸಾಲಿನುದ್ದಕ್ಕೂ ಕತ್ತರಿಗಳು ಮೇಲೆದ್ದವು, ಒಬ್ಬೊಬ್ಬಳ ಕೈಯಲ್ಲಿ ಒಂದೊಂದು. ಯಾರೂ ನಗಲಿಲ್ಲ. ಅವನ ಕೈ ಅಲ್ಲೇ ನಿಂತಿತು.

ಬೆಲ್ಟು ಓಡುತ್ತಲೇ ಇತ್ತು. ಕಣ್ಣು ಬಿಟ್ಟುಕೊಂಡಿದ್ದ ಮೀನುಗಳು ಒಂದೊಂದಾಗಿ ಅವನ ಬೂಟಿನ ಮೇಲೆ ಬೀಳತೊಡಗಿದವು.