ದಾಕ್ಷಾಯಣಿ ಟೀಚರ ದನಿ ಮನೆಗೆ ಮರಳಿದ್ದು

ನನಗೆ ಒಬ್ಬ ತಾಯಿ, ಒಂದು ತವರು ಅಂತ ಇಲ್ಲ. ಎಲ್ಲೆಲ್ಲೋ ಹುಟ್ಟಿದ ಬಿಡಿಭಾಗಗಳನ್ನು ತರಿಸಿ, ದಾವಣಗೆರೆಯ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಕ್ರೂ ಬಿಗಿದು ನನ್ನನ್ನು ಮಾಡಿದರು. ನಾನೊಂದು ಮನೆ ಕಂಪ್ಯೂಟರು. ಕಪ್ಪು ತಗಡಿನ ಪೆಟ್ಟಿಗೆ, ಮುಂದೆ ಒಂದು ಹಸಿರು ದೀಪ. ಹೊಟ್ಟೆಯೊಳಗೆ ಎರಡು ಡಿಸ್ಕ್. ಮೇಲಿನದರಲ್ಲಿ ನನ್ನ ಬುದ್ಧಿ, ಕೆಳಗಿನದರಲ್ಲಿ ಮನೆಯವರ ಸಾಮಾನು. ಈ ಎರಡು ಡಿಸ್ಕಿನ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಒಂದು ಡಿಟಿಪಿ ಅಂಗಡಿಯಲ್ಲಿ ದುಡಿದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು. ಮೂರಕ್ಕೂ ಒಂದೇ ಗಣಪತಿ. ಅಂಗಡಿಯವನು ಹೊಸ ಯಂತ್ರ ತಂದಾಗ ನನ್ನನ್ನು ಮಾರಿದ, ನಾನು ಆಟೋದಲ್ಲಿ ಕೂತು ದಾಕ್ಷಾಯಣಿ ಟೀಚರ ಮನೆಗೆ ಬಂದೆ.

ಟೀಚರು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಅವರ ಯಜಮಾನರು ಮುರಿಗೆಪ್ಪ, ಊರಿನ ಹತ್ತಿ ಗಿರಣಿಯಲ್ಲಿ ಫಿಟ್ಟರಾಗಿದ್ದರು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಮನೆಯಲ್ಲಿ ಯಾವ ಯಂತ್ರ ಗುರುಗುಟ್ಟಿದರೂ ಅವರ ಕಿವಿ ನೆಟ್ಟಗಾಗುತ್ತಿತ್ತು. ನನ್ನನ್ನು ಸುತ್ತುಹಾಕಿ ನೋಡಿ, "ಇದ್ಕೆ ಎಣ್ಣಿ ಎಲ್ಲಿ ಬಿಡ್ತಾರೆ?" ಎಂದು ಕೇಳಿದರು. ಎಣ್ಣೆ ಬೇಡವೆಂದಾಗ ಮುಖ ಸಣ್ಣದು ಮಾಡಿಕೊಂಡರು. ಎಣ್ಣೆ ಕುಡಿಯದ ಯಂತ್ರ ಯಂತ್ರವೇ ಅಲ್ಲ ಎಂಬುದು ಅವರ ಲೆಕ್ಕ.

ಟೀಚರಿಗೆ ನಾನು ಬೇಕಾಗಿದ್ದು ಕೊಟ್ರೇಶಿಯಿಂದಾಗಿ. ಕೊಟ್ರೇಶಿ ಅವರ ಹಳೆಯ ವಿದ್ಯಾರ್ಥಿ, ಈಗ ಹರಿಹರದ ಕಾಲೇಜಿನಲ್ಲಿ ಮೇಷ್ಟ್ರು. ಹುಟ್ಟಿನಿಂದ ಕಣ್ಣಿಲ್ಲ. ತನ್ನಂಥ ಮಕ್ಕಳು ಪರೀಕ್ಷೆಗೆ ಓದಲು ಪುಸ್ತಕವಿಲ್ಲದೆ ಪಡುವ ಪಾಡು ಹೇಳಿ, "ನೀವು ಕ್ಲಾಸಿನಾಗೆ ಹೇಳ್ತಿದ್ರಲ್ಲ, ಹಂಗೇ ಹೇಳ್ರಿ ಟೀಚರ್. ಇದ್ರಾಗೆ ಇಳಿಸೋಣ" ಎಂದ. ಮೈಕೊಂದು ಬಂತು. ಟೀಚರು ಮಧ್ಯಾಹ್ನದ ಅಡುಗೆ ಒಲೆಯ ಮೇಲಿಟ್ಟು, ನನ್ನ ಮುಂದೆ ಕೂತು ಪಾಠ ಹೇಳತೊಡಗಿದರು. ಕದಂಬರು ಬಂದರು, ಚಾಲುಕ್ಯರು ಬಂದರು, ನಡುನಡುವೆ ಸೊಪ್ಪಿನವಳೂ ಬಂದಳು. ಎಲ್ಲರ ದನಿಯೂ ನನ್ನ ಕೆಳಗಿನ ಡಿಸ್ಕಿಗೆ ಇಳಿಯಿತು.

ಪಾಠಗಳ ಗಂಟು ಬೆಳೆದು ಭಾರೀ ಆಯಿತು. ಅಂಚೆಯಲ್ಲಿ ಸಿ.ಡಿ. ಕಳಿಸಿ ಸಾಕಾಗಿತ್ತು. ಆಗ ಒಂದು ದಿನ ಕೊಟ್ರೇಶಿ ಬಂದು, ನನ್ನ ಕೀಲಿಗಳ ಮೇಲೆ ಬೆರಳಾಡಿಸಿ, ನಾನು ಓದಿ ಹೇಳಿದ್ದನ್ನು ಕಿವಿಯಲ್ಲೇ ಕೇಳುತ್ತಾ ಒಂದು ತಂತ್ರಾಂಶ ಹಾಕಿದ.

"ಇದು ದೊಡ್ಡ ಗಂಟು ಟೀಚರ್, ಒಂದೇ ಸಲಕ್ಕೆ ಕಳ್ಸಕ್ಕಾಗಲ್ಲ. ಚೂರು ಚೂರು ಮಾಡಿ ಕಳಿಸ್ತತಿ. ನಿಮ್ಮನಿಯಿಂದ ಒಂದು ಚೂರು ತಗಂಡೋರು ಅದನ್ನ ಇನ್ನೊಬ್ರಿಗೆ ಕೊಡ್ತಾರೆ. ಎಲ್ರೂ ತಗಂತಾರೆ, ಎಲ್ರೂ ಕೊಡ್ತಾರೆ. ಯಾರಿಗೆ ಯಾವ ಪಾಠ ಬೇಕೋ ಅದನ್ನಷ್ಟೇ ತಗಂಡ್ರೂ ಆತು. ನೀವು ಇದನ್ನ ಚಾಲೂ ಇಟ್ಟಿರ್ರಿ, ಅಷ್ಟೇ."

ಮುರಿಗೆಪ್ಪನವರಿಗೆ ದಿಗಿಲಾಯಿತು. "ಅಲ್ಲಪ್ಪಾ, ಊರೋರೆಲ್ಲ ಬಂದು ಚೂರು ಚೂರು ಒಯ್ದ್ರೆ ನಮ್ಗೇನು ಉಳೀತತಿ?"

ಕೊಟ್ರೇಶಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಟೀಚರು ಇಷ್ಟು ವರ್ಷ ಪಾಠ ಹೇಳಿದ್ರಲ್ಲ ಅಣ್ಣಾರೆ, ಹೇಳಿದ್ದಕ್ಕೆ ಅವ್ರಿಗೇ ಮರ್ತು ಹೋತೇನು?"

ಅವತ್ತು ನಾನು ಕಂಡದ್ದನ್ನು ಹೇಗೆ ಹೇಳಲಿ! ಅದುವರೆಗೆ ನನ್ನ ಲೋಕವೆಂದರೆ ಒಂದು ಮೇಜು, ಒಂದು ಕಿಟಕಿ. ಗೋಡೆಯ ತೂತಿನಿಂದ ಬಂದ ಇಂಟರ್ನೆಟ್ಟಿನ ಸಣ್ಣ ತಂತಿಯ ತುದಿಯಲ್ಲಿ ಯಾರೋ ಬಂದು ಕೈಯೊಡ್ಡಿದರು. ಕೊಟ್ಟೆ. ಇನ್ನೊಬ್ಬರು ಬಂದರು. ಕೊಟ್ಟೆ. ಕೊಟ್ಟಮೇಲೆ ನೋಡಿಕೊಂಡರೆ ನನ್ನಲ್ಲಿ ಎಲ್ಲವೂ ಇದ್ದಂತೆಯೇ ಇತ್ತು. ಸ್ವಲ್ಪ ಹೊತ್ತಿಗೆ ಆ ಇಬ್ಬರೂ ನನ್ನನ್ನು ಕೇಳದೆ ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳತೊಡಗಿದ್ದರು. ಮದುವೆ ಕಾರ್ಡು ಮಾಡುತ್ತಿದ್ದ ನನ್ನಂಥ ಪೆಟ್ಟಿಗೆಗೆ ಇಂಥ ಭಾಗ್ಯವೇ ಎಂದು ಮೈ ಜುಮ್ಮೆಂದಿತು.

ಮುರಿಗೆಪ್ಪನವರು ಮಾತ್ರ ಪಾಠಗಳ ಗೊಡವೆಗೆ ಬರಲಿಲ್ಲ. ಕೊನೆಯ ಪಾಠ ಅವರ ಗಿರಣಿಯ ಕಥೆಯೇ ಆಗಿತ್ತು. ಕೇಳಿ ಎಂದು ಟೀಚರು ಕರೆದರೆ, "ನಾ ಅನುಭವಿಸಿದ್ದನ್ನ ನಂಗೇ ಹೇಳ್ತಿಯೇನು?" ಎಂದು ಕಡಲೆಬೀಜ ಬಾಯಿಗೆ ಹಾಕಿಕೊಂಡು ಹೊರಟುಬಿಟ್ಟರು.

ಅದರ ಮುಂದಿನ ತಿಂಗಳು ಟೀಚರ ಗಂಟಲಿನಲ್ಲಿ ಗಂಟು ಕಾಣಿಸಿತು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಟೀಚರು ಮನೆಗೆ ಬಂದರು, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು. ದನಿ ಬರಲಿಲ್ಲ. ಗಂಡನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ಮುರಿಗೆಪ್ಪನವರು ದಿನಾ ಸಂಜೆ ನನ್ನ ಮುಂದೆ ಕೂರತೊಡಗಿದರು. ಮೊದಲ ಪಾಠದಿಂದ ಶುರುಮಾಡಿ, ಕೈಕಟ್ಟಿಕೊಂಡು, ಸ್ಕೂಲಿನ ಹುಡುಗನ ಹಾಗೆ ಕೇಳುತ್ತಿದ್ದರು. ಪುಲಕೇಶಿ ಗೆದ್ದರೂ ಸೋತರೂ ಅವರ ಕಣ್ಣಲ್ಲಿ ನೀರು. ಎಲ್ಲವನ್ನೂ ಕೇಳಿ ಕೊನೆಯದಕ್ಕೆ ಬಂದಾಗ ನಿಂತುಬಿಟ್ಟರು. ಅದೊಂದು ಮುಗಿದರೆ ಹೆಂಡತಿಯ ಬಾಯಿಂದ ಕೇಳುವ ಹೊಸ ಮಾತು ಈ ಜನ್ಮಕ್ಕೆ ಉಳಿಯುವುದಿಲ್ಲ. "ಇರ್ಲಿ ಬಿಡು, ಇನ್ನೊಂದಿನ ಕೇಳಿದ್ರಾತು" ಎಂದು ಮತ್ತೆ ಕದಂಬರಿಂದ ಶುರುಮಾಡಿದರು.

ಆಯುಧ ಪೂಜೆ ಬಂತು. ಗಿರಣಿಯಲ್ಲಿ ಅವತ್ತು ಯಂತ್ರಗಳಿಗೆಲ್ಲ ರಜೆ. ಮಗ್ಗಗಳನ್ನು ಒರೆಸಿ, ವಿಭೂತಿ ಬಳಿದು, ಕಾಯಿ ಒಡೆದು ಅದರ ನೀರನ್ನು ಕಬ್ಬಿಣದ ಮೇಲೇ ಎರೆಯುತ್ತಿದ್ದರಂತೆ. ಮುರಿಗೆಪ್ಪನವರು ನನಗೂ ಏನೂ ಕಡಿಮೆ ಮಾಡಲಿಲ್ಲ. ಸ್ವಿಚ್ ಆರಿಸಿ, ಒರೆಸಿ, ಚೆಂಡುಹೂವಿನ ಮಾಲೆ ಹಾಕಿದರು. ಮನೆಯೊಳಗಿನ ದನಿಯನ್ನು ಕಾಪಾಡುತ್ತಿದ್ದ ದೇವರಲ್ಲವೇ ನಾನು! ಕಾಯಿ ಒಡೆದು, ಭಕ್ತಿಯಿಂದ, ಮುಂಭಾಗದ ಗಾಳಿಕಂಡಿಯ ಮೇಲೆಯೇ ನೀರು ಎರೆದರು. ಟೀಚರು ಅಡುಗೆಮನೆಯಿಂದ ನೋಡಿ ಜೋರಾಗಿ ಚಪ್ಪಾಳೆ ತಟ್ಟಿದರು. ಮಂಗಳಾರತಿಗೆ ತಟ್ಟಿದ್ದು ಎಂದುಕೊಂಡರು ಯಜಮಾನರು. ಟೀಚರು ಓಡಿಬಂದು ನನ್ನನ್ನು ಒರೆಸಿದರು; ಆಮೇಲೂ ತೊಟ್ಟಿಕ್ಕಿದ್ದು ಮಾಲೆಯ ನೀರೆಂದುಕೊಂಡು ಅಷ್ಟಕ್ಕೇ ಬಿಟ್ಟರು. ಒಳಗೆ ಇಳಿದದ್ದು ಯಾರಿಗೂ ಕಾಣಲಿಲ್ಲ.

ಮರುದಿನ ಮುಂಜಾನೆ ಸ್ವಿಚ್ ಒತ್ತಿದರು. ಕೆಳಗಿನ ಡಿಸ್ಕಿನಲ್ಲಿ ಚಟಕ್ಕೆಂದಿತು. ಸುಟ್ಟ ವಾಸನೆ ಬಂತು. ರಿಪೇರಿಯವನು ಬಂದು ಮೂಸಿ ನೋಡಿ, ಮೇಲಿನದು ಬದುಕಿದೆ, ಕೆಳಗಿನದು ಹೋಯಿತು ಎಂದ. ಬನ್ನಿ ಕೊಡಲು ಬಂದ ನೆರೆಯವರಿಗೆ ಮುಖವೆತ್ತಿ ಕೈಯೊಡ್ಡಲೂ ಮುರಿಗೆಪ್ಪನವರಿಗೆ ಆಗಲಿಲ್ಲ.

"ನನ್ ಕೈಯಾರೆ ಅವ್ಳ ದನಿ ಕೊಂದ್ನಲ್ಲೋ ಕೊಟ್ರೇಶಿ" ಎಂದು ಫೋನಿನಲ್ಲಿ ಅತ್ತರು.

ಕೊಟ್ರೇಶಿ ಅವತ್ತೇ ಬಂದ. ಹೊಸ ಡಿಸ್ಕ್ ಹಾಕಿಸಿದ. "ಅಳಬ್ಯಾಡ್ರಿ ಅಣ್ಣಾರೆ. ಕೊಟ್ಟಿದ್ದೀವಲ್ಲ, ಈಗ ಕೇಳೋಣ" ಎಂದ.

ಇಷ್ಟು ದಿನ ಕೊಡುತ್ತಿದ್ದ ನಾನು ಅವತ್ತು ಮೊದಲ ಸಲ ಕೈಯೊಡ್ಡಿದೆ. ಬರುತ್ತದೆ ಎಂಬ ನಂಬಿಕೆ ನನಗಿರಲಿಲ್ಲ. ಪರೀಕ್ಷೆ ಮುಗಿದಮೇಲೆ ಪಾಠವನ್ನು ಯಾರು ಇಟ್ಟುಕೊಳ್ಳುತ್ತಾರೆ?

ಒಂದು ಚೂರು ಬಂತು. ಕಲಬುರ್ಗಿಯಿಂದ. ಇನ್ನೊಂದು ಕೊಳ್ಳೇಗಾಲದಿಂದ, ಮತ್ತೊಂದು ಕಾರವಾರದಿಂದ. ಹೊಯ್ಸಳರ ಅರ್ಧ ಒಬ್ಬರ ಮನೆಯಿಂದ, ಉಳಿದರ್ಧ ಮತ್ತೊಬ್ಬರ ಮನೆಯಿಂದ. ಟೀಚರ ಮುಖವನ್ನೇ ನೋಡದವರು, ಯಾರ ಮುಖವನ್ನೂ ನೋಡದವರು, ಅವರ ದನಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಹಿಂದುಮುಂದಾಗಿ ಬಂದ ಚೂರುಗಳು ನನ್ನೊಳಗೆ ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂತವು. ಟೀಚರು ಒಂದು ಕೈಯನ್ನು ನನ್ನ ತಗಡಿನ ಮೇಲಿಟ್ಟು ನಿಂತಿದ್ದರು. ಆ ಬಿಸಿ ನನಗೆ ಇನ್ನೂ ನೆನಪಿದೆ.

ಎಲ್ಲ ಬಂತು, ಕೊನೆಯ ಪಾಠವೊಂದು ಬಿಟ್ಟು. ಗಿರಣಿಯ ಕಥೆ ಪರೀಕ್ಷೆಗೆ ಬರುವುದಲ್ಲ, ಹಾಗಾಗಿ ಯಾರೂ ಇಟ್ಟುಕೊಂಡಂತಿರಲಿಲ್ಲ. ಕೊಟ್ರೇಶಿಯೂ ಟೀಚರ ಮನೆಯಲ್ಲಿದೆಯಲ್ಲ ಎಂದು ಅದನ್ನು ಇಳಿಸಿಕೊಂಡಿರಲಿಲ್ಲ. ಮುರಿಗೆಪ್ಪನವರು ಊಟ ಬಿಟ್ಟು ನನ್ನ ಮುಂದೆ ಕೂತರು. ಟೀಚರು ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದರು. ಹಬ್ಬ ಕಳೆದು ಊರೆಲ್ಲ ಕೆಲಸಕ್ಕೆ ಮರಳಿತು. ಪಾಠ ಬರಲಿಲ್ಲ.

ಒಂದು ಮಧ್ಯಾಹ್ನ ತಂತಿಯ ತುದಿಯಲ್ಲಿ ಹೊಸಬರೊಬ್ಬರು ಬಂದು ನಿಂತರು. ನಾನು ಕೇಳುವ ಮೊದಲೇ ಕೊಡಲು ಶುರುಮಾಡಿದರು. ಅಷ್ಟರಲ್ಲಿ ಕೊಟ್ರೇಶಿಯ ಫೋನು.

"ಅಣ್ಣಾರೆ, ಸಂಡೂರಾಗೆ ಒಬ್ರು ಹೆಣ್ಮಗಳು ಅದಾರೆ. ಅವ್ರಪ್ಪ ನಿಮ್ ಗಿರಣ್ಯಾಗೇ ಇದ್ರಂತೆ, ನೂಲಿನ ಖಾತೇಲಿ. ಅದೊಂದೇ ಪಾಠ ಇಟ್ಕಂಡಾರೆ, ಅಪ್ಪನ ನೆನಪಿಗೆ. ಹಬ್ಬಕ್ಕೆ ಅಂತ ಕಂಪ್ಯೂಟರ್ ಮುಚ್ಚಿಟ್ಟು ಊರಿಗೆ ಹೋಗಿದ್ರಂತೆ, ಈಗ ಬಂದು ನಂಗೆ ಫೋನ್ ಮಾಡಿದ್ರು."

ಕೊನೆಯ ಚೂರು ಕೂತಿತು. ಈ ಸಲ ಮುರಿಗೆಪ್ಪನವರು ಮುಂದಕ್ಕೆ ಹಾಕಲಿಲ್ಲ. ತಾವೇ ಗುಂಡಿ ಒತ್ತಿದರು. ಟೀಚರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಮಕ್ಕಳೇ, ಇವತ್ತು ರಾಜರ ಕಥೆ ಇಲ್ಲ," ನನ್ನೊಳಗಿಂದ ಟೀಚರು ಮಾತಾಡಿದರು. "ನಮ್ಮೂರಿನ ಗಿರಣಿ ಕೂಗಿದರೆ ಊರು ಏಳುತ್ತಿತ್ತು. ಆ ಗಿರಣಿಯ ಯಂತ್ರಗಳ ಕಾಯಿಲೆಯನ್ನು ಬರಿಯ ಸದ್ದಿನಿಂದ ಹೇಳುತ್ತಿದ್ದ ಒಬ್ಬ ಫಿಟ್ಟರನ್ನು ನಾನು ಬಲ್ಲೆ. ಕೊನೆಯ ದಿನ ಎಲ್ಲರೂ ಹೊರಟಮೇಲೂ ಅವರು ಒಂದೊಂದು ಮಗ್ಗಕ್ಕೂ ಎಣ್ಣೆ ಬಿಟ್ಟು ಬಂದರು. ನಾಳೆ ಯಾರೂ ಓಡಿಸುವುದಿಲ್ಲ ಎಂದು ಗೊತ್ತಿದ್ದೂ..."

ಮುರಿಗೆಪ್ಪನವರು ಬಾಯಿಗೆ ಪಂಚೆ ಒತ್ತಿಕೊಂಡರು. ಅಷ್ಟರಲ್ಲಿ ಪಾಠದೊಳಗೆ ಕುಕ್ಕರು ಸೀಟಿ ಹೊಡೆಯಿತು. ಟೀಚರ ದನಿ ಮೈಕಿನಿಂದ ಅತ್ತ ತಿರುಗಿತು.

"ಏನ್ರೀ, ಒಲಿ ಆರಿಸ್ರೀ! ಬ್ಯಾಳಿ ಹೊತ್ತತಿ!"

"ಬಂದೆ, ಬಂದೆ!" ಎಂದು ಮುರಿಗೆಪ್ಪನವರು ದಡಬಡನೆ ಎದ್ದು, ಪಂಚೆ ಎತ್ತಿ ಕಟ್ಟುತ್ತಾ ಅಡುಗೆಮನೆಗೆ ಓಡಿದರು. ಬಾಗಿಲಲ್ಲಿ ಟೀಚರು ನಿಂತಿದ್ದರು. ಹಿಂದೆ ಒಲೆ ತಣ್ಣಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಟೀಚರು ಸದ್ದಿಲ್ಲದೆ ನಗುತ್ತಿದ್ದರು, ಮೈಯೆಲ್ಲ ಕುಲುಕುವಂತೆ. ಯಜಮಾನರು ಅವರ ಎರಡೂ ಕೈ ಹಿಡಿದುಕೊಂಡು ಮಗುವಿನಂತೆ ಅತ್ತರು. ನಾನು ಪಾಠ ಮುಂದುವರಿಸಿದೆ.

ಈಗ ನನಗೆ ವಯಸ್ಸಾಗಿದೆ. ಫ್ಯಾನು ಏದುಸಿರು ಬಿಡುತ್ತದೆ. ಟೀಚರಿಗೆ ಹೊಸ ಕಂಪ್ಯೂಟರು ಬಂದು, ನನ್ನನ್ನು ದೇವರ ಗೂಡಿನ ಪಕ್ಕದ ಮೂಲೆಗೆ ಸರಿಸಿದ್ದಾರೆ. ಗುಜರಿಗೆ ಕೊಡಿ ಎಂದವನನ್ನು ಮುರಿಗೆಪ್ಪನವರು ಎರಡು ದಿನ ಮಾತಾಡಿಸಲಿಲ್ಲ. ಆ ತಂತಿ ಮಾತ್ರ ಇನ್ನೂ ನನಗೇ ಚುಚ್ಚಿದೆ. ಆಗಾಗ ಯಾರೋ ಬಂದು ಕೈಯೊಡ್ಡುತ್ತಾರೆ, ಕೊಡುತ್ತೇನೆ.

ಪ್ರತಿ ಆಯುಧ ಪೂಜೆಗೂ ಅವರು ಕಾಯನ್ನು ಅಂಗಳದಲ್ಲೇ ಒಡೆದು ಬರುತ್ತಾರೆ. ಇಕ್ಕಳ, ಸ್ಪ್ಯಾನರು, ಕುಡುಗೋಲು, ಟೀಚರ ಹೊಲಿಗೆ ಯಂತ್ರ, ಎಲ್ಲಕ್ಕೂ ಅವತ್ತು ರಜೆ. ನನಗೆ ಒಣ ವಿಭೂತಿ ಹಚ್ಚುತ್ತಾರೆ, ಹೂವಿಡುತ್ತಾರೆ. ಆದರೆ ಸ್ವಿಚ್ಚಿನ ಹತ್ತಿರ ಯಾರನ್ನೂ ಬಿಡುವುದಿಲ್ಲ.

"ಅದನ್ನ ಆರಿಸಬ್ಯಾಡ್ರಿ," ಎನ್ನುತ್ತಾರೆ ಬಂದವರಿಗೆಲ್ಲ, "ಸಂಡೂರಾಗೆ ಯಾರರ ಕೇಳ್ತಿರ್ತಾರೆ."