ಪಾದದಿಂದ ಮೇಲಕ್ಕೆ

ಮಾಡೆಲ್ ಆಗಿ ಕೂತ ಪಾವೆಲ್ ಮುದುಕನ ಬಲ ಮೊಣಕಾಲು ಹೊಳೆಯುತ್ತಿದೆ, ಇಲ್ಲ, ಹೊಳೆಯುವುದು ಕಿಟಕಿಯ ಬೆಳಕು, ಮೊಣಕಾಲು ಬರೀ ಮೂಳೆ, ಮೂಳೆಗೆ ಗಟ್ಟಿ ಪೆನ್ಸಿಲ್, ನೆರಳಿಗೆ ಮೆತ್ತನೆಯದು — ಎಷ್ಟು ಹೊತ್ತಿನಿಂದ ಈ ಮೊಣಕಾಲಿನಲ್ಲೇ ಇದ್ದೇನೆ, ತರಗತಿಯವರೆಲ್ಲ ತಲೆ ಮುಗಿಸಿ ಭುಜಕ್ಕೆ ಇಳಿದರು, ನಾನೊಬ್ಬಳೇ ಪಾದದಿಂದ ಹತ್ತುತ್ತಿದ್ದೇನೆ, ಏನಮ್ಮ ಬೂರುಲ್, ಮನುಷ್ಯನ್ನ ಬರೀತಿದ್ದೀಯೋ ಗೋಡೆ ಕಟ್ತಿದ್ದೀಯೋ, ಕೆಳಗಿಂದ ಶುರು ಮಾಡಿದೀಯಲ್ಲ, ಎಂದು ಸಾತಾರ್ ಮೇಷ್ಟ್ರು ಕೇಳಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ಸೊಸೆಯಾಗಿ ಬಂದ ದಿನದಿಂದ ನನ್ನ ಕಣ್ಣು ಏರುವುದೇ ಹೀಗೆ, ಮಾವನ ಕಾಲುಚೀಲ, ಮೊಣಕಾಲು, ಅದರ ಮೇಲಿನ ಕೈ, ಕೈಯಲ್ಲಿ ಮರ್ಯಾದೆಗೆಂದು ಅರ್ಧವೇ ತುಂಬಿಸಿದ ಚಹಾದ ಬಟ್ಟಲು, ಅಲ್ಲಿಗೆ ನಿಂತುಬಿಡಬೇಕು, ಮಾವನ ಮುಖವನ್ನು ನೆಟ್ಟಗೆ ನೋಡುವ ಸೊಸೆ ನಮ್ಮ ನರಿನ್ ಬೆಟ್ಟದ ಕಡೆಯ ಮನೆಗಳಲ್ಲಿಲ್ಲ — ಮಾವ ಈಗ ಇಲ್ಲ, ಭಾನುವಾರಕ್ಕೆ ವರ್ಷ, ಅಷ್ಟರೊಳಗೆ ಗೋರಿಯ ಮೇಲೆ ಕರಿಕಲ್ಲು ನಿಲ್ಲಬೇಕು, ಕಲ್ಲಿನಲ್ಲಿ ಅವರ ಮುಖ, ಕೆತ್ತುವವನು ನಾಳೆ ಚಿತ್ರಕ್ಕೆ ಬರುತ್ತಾನೆ, ಇರುವುದು ಪಾಸ್‌ಪೋರ್ಟಿನ ಒಂದೇ ಫೋಟೋ, ಅತ್ತೆ ಅದನ್ನು ಬೋರಲು ಹಾಕಿದರು, ಇವನ್ಯಾರೋ ಠಾಣೆಗೆ ಕರೆಸಿಕೊಂಡೋನ ಥರ ಇದಾನೆ, ನಮ್ಮನೆಯವರಲ್ಲ, ನೀನು ಕಲೀತಿದ್ದೀಯಲ್ಲಮ್ಮ, ನೀನೇ ಬರಿ, ಎಂಟು ವರ್ಷ ಚಹಾ ಕೊಟ್ಟಿದ್ದೀಯ, ನಿನಗೆ ಗೊತ್ತಿಲ್ವಾ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು, ನಿಮ್ಮಪ್ಪನ ಕಣ್ಣು ಹೇಗಿತ್ತು ಎಂದು ಗಂಡ ಮಿರ್ಲಾನ್‌ನನ್ನು ಕೇಳಿದರೆ ಎರಡಿತ್ತು ಎಂದು ಮಗ್ಗುಲು ತಿರುಗಿದ.

ಕೈ ಬಂತು, ಕೈ ಎಷ್ಟು ಸಲೀಸಾಗಿ ಬಂತು, ಉಬ್ಬಿದ ನರ, ಒಡೆದ ಹೆಬ್ಬೆರಳ ಉಗುರು, ಮಾಡೆಲ್ ಬೆರಳು ಇಷ್ಟು ದಪ್ಪ ಇದೆಯೇನಮ್ಮ, ಪೆನ್ಸಿಲ್ ಚಾಚಿ ಅಳತೆ ತಗೋ, ಎನ್ನುತ್ತಾರೆ ಮೇಷ್ಟ್ರು, ನಿಜ, ಪಾವೆಲ್ ಬೆರಳು ಸಣಕಲು, ಇದು ಮಾವನ ಕೈ, ಯಾವಾಗ ಬಂದು ಕೂತಿತು ಇಲ್ಲಿ, ಅಳಿಸಲಾರೆ, ಇರಲಿ, ಕತ್ತು, ಗಡ್ಡ, ಗಡ್ಡದ ತುದಿ ಗೊತ್ತು, ಅದರ ಮೇಲೆ ಮೊಟ್ಟೆಯಂಥ ಬರಿಗೆರೆ, ತಲೆಯ ಅರ್ಧಕ್ಕೆ ಕಣ್ಣಿನ ಸಾಲು ಎಂದು ಮೊದಲ ವಾರವೇ ಕಲಿತೆ, ಸಾಲು ಎಳೆದಿದ್ದೇನೆ, ಅದರ ಮೇಲೆ ಏನೂ ಇಲ್ಲ, ಯಾರನ್ನು ಕೂರಿಸಲಿ, ಪಾವೆಲ್ ಕಣ್ಣು ಕಿಟಕಿಯಾಚೆ ಟ್ರಾಲಿಬಸ್ ತಂತಿ ನೋಡುತ್ತಿದೆ, ಅದನ್ನೇ ಕದ್ದು ಇಟ್ಟರೆ ಅತ್ತೆಗೆ ತಿಳಿಯದೇ, ತಿಳಿದೀತು, ನಲವತ್ತು ವರ್ಷ ನೋಡಿದವರು — ಒಂದೇ ಒಂದು ಸಲ, ಹೌದು, ಒಂದು ಸಲ ನೋಡಿದ್ದೇನೆ, ಈ ತರಗತಿಗೆ ಹೊರಟ ಮೊದಲ ಬೆಳಗು, ಕಿಟಕಿಯ ಹಲಗೆಯ ಮೇಲೆ ನನ್ನ ಪೆನ್ಸಿಲುಗಳು ಸಾಲಾಗಿ, ಯಾರೋ ಚಾಕುವಿನಲ್ಲಿ ಹೆರೆದು ಚೂಪು ಮಾಡಿದ್ದರು, ಕುರಿ ಕೊಯ್ಯುವ ಚಾಕು, ಯಾರು ಎಂದು ತಿರುಗಿದರೆ ಬಾಗಿಲಲ್ಲಿ ಮಾವ, ಖುಷಿಯಲ್ಲಿ ಮೈಮರೆತು ತಲೆ ಎತ್ತಿಬಿಟ್ಟೆ, ನೋಡಿದೆ, ಏನು ನೋಡಿದೆ, ಬಿಳಿ ಹುಬ್ಬು, ಹುಬ್ಬಿನ ಕೆಳಗೆ, ಕೈ ತಾನೇ ಹೋಗುತ್ತಿದೆ, ಮೆತ್ತನೆ ಪೆನ್ಸಿಲ್, ಒಂದು ಬಾಗು, ಇನ್ನೊಂದು, ಇವರೇ, ಅಯ್ಯೋ ಇವರೇ, ಆದರೆ ಪಾಪೆ ಎಲ್ಲಿ, ನಿದ್ದೆ ಹೊಡೆಸಿಬಿಟ್ಟೆಯಲ್ಲಮ್ಮ ಮುದುಕನಿಗೆ, ಎಂದು ಮೇಷ್ಟ್ರು ಬಗ್ಗುತ್ತಾರೆ, ನಿದ್ದೆಯಲ್ಲ, ಸೊಸೆಯ ಕಡೆ ನೋಡಬಾರದೆಂದು ನೆಲ ನೋಡುತ್ತಿದ್ದರು, ನಾನು ಅವರ ಕಾಲು, ಅವರು ನನ್ನ ಕಾಲು, ಎಂಟು ವರ್ಷ, ನಾಳೆ ಅತ್ತೆ ಕಣ್ಣು ತೆರೆಸು ಎನ್ನುತ್ತಾರೆ, ತೆರೆದದ್ದು ನನಗೆ ಗೊತ್ತಿಲ್ಲ, ನನಗೆ ಸಿಕ್ಕಿದ್ದು ರೆಪ್ಪೆ, ಇಳಿಸಿದ ರೆಪ್ಪೆ, ಅದರಡಿಗೆ ಪೆನ್ಸಿಲ್ ಒಯ್ದರೆ ಮತ್ತೆ ರೆಪ್ಪೆ, ಇಳಿಸಿದ ರೆಪ್ಪೆ —